ಡೆಬಿಯನ್‌ನಲ್ಲಿ ಮೇಲ್ ಸರ್ವರ್ ಪ್ಯಾಕೇಜಿಂಗ್

ಡೆಬಿಯನ್‌ನಲ್ಲಿ ಮೇಲ್ ಸರ್ವರ್ ಪ್ಯಾಕೇಜಿಂಗ್ ಎಂದರೆ ಇಮೇಲ್ ಸಾಗಿಸುವ ತಂತ್ರಾಂಶಗಳ ಮೂಲ ಸಂಕೇತವನ್ನು ಪಡೆದು, ಅದನ್ನು ಡೆಬಿಯನ್ ಲಿನಕ್ಸ್ ವಿತರಣೆಯ ನಿಯಮಗಳಿಗೆ ಹೊಂದಿಸಿ, ಒಂದೇ ಆದೇಶದಿಂದ ಸ್ಥಾಪಿಸಬಹುದಾದ ಪ್ಯಾಕೇಜುಗಳನ್ನಾಗಿ ಸಿದ್ಧಪಡಿಸುವ ಹಾಗೂ ಅವುಗಳನ್ನು ವರ್ಷಗಳ ಕಾಲ ನಿರ್ವಹಿಸುವ ಕಾರ್ಯ. ಎಕ್ಸಿಮ್, ಪೋಸ್ಟ್‌ಫಿಕ್ಸ್, ಸೆಂಡ್‌ಮೇಲ್ ಮತ್ತು ಕ್ಯೂಮೇಲ್ ಈ ವರ್ಗದ ಪ್ರಮುಖ ತಂತ್ರಾಂಶಗಳಾಗಿವೆ. ಪಠ್ಯ ಸಂಪಾದಕದಂತಹ ತಂತ್ರಾಂಶದ ಪ್ಯಾಕೇಜಿನಲ್ಲಿ ದೋಷವಿದ್ದರೆ ಅದರ ತೊಂದರೆ ಸಾಮಾನ್ಯವಾಗಿ ಬಳಕೆದಾರನಿಗಷ್ಟೇ ಸೀಮಿತ. ಮೇಲ್ ಸರ್ವರ್‌ನ ವಿಷಯದಲ್ಲಿ ಹಾಗಲ್ಲ. ತಪ್ಪಾಗಿ ಸಿದ್ಧಗೊಂಡ ಸರ್ವರ್ ಬೇರೆಯವರ ಪತ್ರಗಳನ್ನು ಕಳೆಯಬಹುದು, ಸ್ಪ್ಯಾಮ್ ಕಳುಹಿಸುವವರ ಸಾಧನವಾಗಬಹುದು ಅಥವಾ ಇಡೀ ಯಂತ್ರದ ಹಿಡಿತವನ್ನು ಅಪರಿಚಿತರಿಗೆ ಒಪ್ಪಿಸಬಹುದು. ಆದ್ದರಿಂದ ಈ ಪ್ಯಾಕೇಜುಗಳಲ್ಲಿ ಪೂರ್ವನಿಯೋಜಿತ ಆಯ್ಕೆಗಳಿಗೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಅಂತರಜಾಲದಲ್ಲಿ ಒಂದು ಸರ್ವರ್‌ನಿಂದ ಮತ್ತೊಂದು ಸರ್ವರ್‌ಗೆ ಇಮೇಲ್ ಸಾಗುವುದು ಎಸ್‌ಎಂಟಿಪಿ ಎಂಬ ಶಿಷ್ಟಾಚಾರದ ಮೂಲಕ. ಇದನ್ನು 1982ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆ ನಿರೂಪಿಸಿತು. ಇದರ ಪರಿಷ್ಕೃತ ರೂಪವಾದ ಆರ್‌ಎಫ್‌ಸಿ 5321 ಪ್ರಕಟವಾದದ್ದು 2008ರಲ್ಲಿ. ಈ ಶಿಷ್ಟಾಚಾರವನ್ನು ಅನುಸರಿಸಿ ಪತ್ರವನ್ನು ಸ್ವೀಕರಿಸುವ, ಸರದಿಯಲ್ಲಿ ಇರಿಸಿಕೊಳ್ಳುವ ಮತ್ತು ಮುಂದಿನ ಸರ್ವರ್‌ಗೆ ತಲುಪಿಸುವ ತಂತ್ರಾಂಶವನ್ನು ಮೇಲ್ ಸಾಗಣೆ ತಂತ್ರಾಂಶ ಅಥವಾ ಎಂಟಿಎ ಎನ್ನುತ್ತಾರೆ.

ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಎಂಟಿಎ ದೊಡ್ಡ ಸಂಸ್ಥೆಗಳ ಸರ್ವರ್‌ಗಳಿಗಷ್ಟೇ ಬೇಕಾದ ವಸ್ತುವಲ್ಲ. ನಿಗದಿತ ಸಮಯಕ್ಕೆ ಕೆಲಸಗಳನ್ನು ನಡೆಸುವ ಕ್ರಾನ್‌ನಂತಹ ಸೇವೆಗಳು ತಮ್ಮ ವರದಿಗಳನ್ನೂ ದೋಷ ಸೂಚನೆಗಳನ್ನೂ ಬಳಕೆದಾರನಿಗೆ ಇಮೇಲ್ ಮೂಲಕವೇ ತಿಳಿಸುತ್ತವೆ. ಹೊರಜಗತ್ತಿನೊಡನೆ ಪತ್ರವ್ಯವಹಾರ ನಡೆಸದ ಯಂತ್ರದಲ್ಲಿಯೂ ಈ ಕಾರಣಕ್ಕಾಗಿ ಒಂದು ಎಂಟಿಎ ಇರುವ ರೂಢಿ ಬೆಳೆಯಿತು.

ಎರಿಕ್ ಆಲ್‌ಮನ್ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಚಿಸಿದ ಸೆಂಡ್‌ಮೇಲ್ 1980ರ ದಶಕದಲ್ಲಿ ಬಿಎಸ್‌ಡಿ ಯುನಿಕ್ಸ್‌ನೊಂದಿಗೆ ಹರಡಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಝಲ್ 1995ರಲ್ಲಿ ಎಕ್ಸಿಮ್ ಅನ್ನು ಬರೆಯತೊಡಗಿದರು. ಡಿ. ಜೆ. ಬರ್ನ್‌ಸ್ಟೈನ್ ಅವರ ಕ್ಯೂಮೇಲ್‌ನ ಮೊದಲ ಪೂರ್ಣ ಆವೃತ್ತಿ 1997ರಲ್ಲಿಯೂ, ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ವೀಟ್ಸ ವೆನೆಮಾ ಅವರ ಪೋಸ್ಟ್‌ಫಿಕ್ಸ್ 1998ರಲ್ಲಿಯೂ ಹೊರಬಂದವು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯು ಪರಸ್ಪರ ಭಿನ್ನವಾದ ಈ ತಂತ್ರಾಂಶಗಳನ್ನು ಒಂದೇ ಚೌಕಟ್ಟಿಗೆ ತರಬೇಕಾಯಿತು.

ಪ್ಯಾಕೇಜಿನ ರಚನೆ

ಡೆಬಿಯನ್ ಪ್ಯಾಕೇಜಿಗೆ ಎರಡು ರೂಪಗಳಿವೆ. ಮೊದಲನೆಯದು ಮೂಲ ಪ್ಯಾಕೇಜು. ಇದರಲ್ಲಿ ಮೂಲ ಅಭಿವರ್ಧಕರು ಬಿಡುಗಡೆ ಮಾಡಿದ ಸಂಕೇತ ಮತ್ತು ಡೆಬಿಯನ್ ಸೇರಿಸಿದ ಒಂದು ಪ್ರತ್ಯೇಕ ಕೋಶ ಇರುತ್ತವೆ. ಆ ಕೋಶದಲ್ಲಿ ಪ್ಯಾಕೇಜಿನ ಹೆಸರು ಮತ್ತು ಅವಲಂಬನೆಗಳು, ಕಂಪೈಲ್ ಮಾಡುವ ವಿಧಾನ, ಬದಲಾವಣೆಗಳ ದಿನಚರಿ, ಪರವಾನಗಿಯ ವಿವರ ಹಾಗೂ ಮೂಲ ಸಂಕೇತಕ್ಕೆ ಡೆಬಿಯನ್ ಮಾಡಿದ ತಿದ್ದುಪಡಿಗಳು ಬೇರೆಬೇರೆ ಕಡತಗಳಲ್ಲಿ ದಾಖಲಾಗಿರುತ್ತವೆ. ತಿದ್ದುಪಡಿಗಳನ್ನು ಮೂಲದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಇಡುವುದರಿಂದ, ಮೂಲ ಲೇಖಕರು ಬರೆದದ್ದು ಯಾವುದು, ವಿತರಣೆ ಬದಲಿಸಿದ್ದು ಯಾವುದು ಎಂಬುದನ್ನು ಯಾರು ಬೇಕಾದರೂ ಪರಿಶೀಲಿಸಬಹುದು.

ಎರಡನೆಯದು ಬೈನರಿ ಪ್ಯಾಕೇಜು. ಬಳಕೆದಾರನ ಯಂತ್ರಕ್ಕೆ ಬರುವುದು ಇದೇ. ಸ್ಥಾಪಿಸಬೇಕಾದ ಕಡತಗಳ ಜೊತೆಗೆ ಸ್ಥಾಪನೆಯ ಮುನ್ನ ಮತ್ತು ನಂತರ, ತೆಗೆದುಹಾಕುವ ಮುನ್ನ ಮತ್ತು ನಂತರ ನಡೆಯಬೇಕಾದ ಸಣ್ಣ ಕಾರ್ಯಕ್ರಮಗಳೂ ಇದರಲ್ಲಿರುತ್ತವೆ. ಮೇಲ್ ಸರ್ವರ್ ಪ್ಯಾಕೇಜಿನ ನಾಜೂಕಿನ ಕೆಲಸದ ಬಹುಭಾಗ ನಡೆಯುವುದು ಈ ಸಣ್ಣ ಕಾರ್ಯಕ್ರಮಗಳಲ್ಲಿ. ಸೇವೆಗೆಂದು ಪ್ರತ್ಯೇಕ ಬಳಕೆದಾರ ಖಾತೆಯನ್ನು ಸೃಷ್ಟಿಸುವುದು, ಸರದಿಯ ಕೋಶಕ್ಕೆ ಸರಿಯಾದ ಒಡೆತನ ನೀಡುವುದು, ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸುವುದು ಇವುಗಳ ಹೊಣೆ.

ಉದಾಹರಣೆಗೆ, ಎಕ್ಸಿಮ್ ಪ್ಯಾಕೇಜು ಸೃಷ್ಟಿಸುವ ಖಾತೆಯ ಹೆಸರು 'ಡೆಬಿಯನ್-ಎಕ್ಸಿಮ್'. ಇಂಗ್ಲಿಷ್‌ನಲ್ಲಿ ಇದರ ಮೊದಲ ಅಕ್ಷರ ದೊಡ್ಡಕ್ಷರವಾಗಿದೆ. ವ್ಯವಸ್ಥಾಪಕರು ತಮ್ಮ ಬಳಕೆದಾರರಿಗೆ ಸಾಮಾನ್ಯವಾಗಿ ಸಣ್ಣಕ್ಷರಗಳ ಹೆಸರನ್ನೇ ಕೊಡುವುದರಿಂದ, ಈ ಹೆಸರು ಈಗಾಗಲೇ ಇರುವ ಖಾತೆಯೊಂದಿಗೆ ಘರ್ಷಿಸುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ.

ಡೆಬಿಯನ್ ನೀತಿಯ ನಿಯಮಗಳು

ಡೆಬಿಯನ್ ನೀತಿ ಕೈಪಿಡಿಯಲ್ಲಿ ಮೇಲ್ ತಂತ್ರಾಂಶಗಳಿಗೆಂದೇ ಒಂದು ವಿಭಾಗವಿದೆ. ಬೇರೆಬೇರೆ ಸ್ವಯಂಸೇವಕರು ಸಿದ್ಧಪಡಿಸಿದ ಪ್ಯಾಕೇಜುಗಳು ಒಂದೇ ಯಂತ್ರದಲ್ಲಿ ಹೊಂದಿಕೊಂಡು ನಡೆಯಬೇಕೆಂಬುದು ಇದರ ಉದ್ದೇಶ. ಅದರ ಮುಖ್ಯ ನಿಯಮಗಳು ಹೀಗಿವೆ:

• ಪ್ರತಿಯೊಂದು ಎಂಟಿಎ 'ಸೆಂಡ್‌ಮೇಲ್' ಎಂಬ ಹೆಸರಿನ ಆದೇಶವನ್ನು ಗೊತ್ತುಪಡಿಸಿದ ಸ್ಥಳದಲ್ಲಿ ಒದಗಿಸಬೇಕು. ಆ ಹೆಸರಿನ ಮೂಲ ತಂತ್ರಾಂಶ ಯಂತ್ರದಲ್ಲಿ ಇರಬೇಕಾಗಿಲ್ಲ. ಎಕ್ಸಿಮ್ ಆಗಲಿ ಪೋಸ್ಟ್‌ಫಿಕ್ಸ್ ಆಗಲಿ ಆ ಹೆಸರಿಗೆ ಓಗೊಟ್ಟರೆ ಸಾಕು. ಇದರಿಂದ ಪತ್ರ ಕಳುಹಿಸಬಯಸುವ ಇತರ ತಂತ್ರಾಂಶಗಳು ಯಾವ ಎಂಟಿಎ ಇದೆಯೆಂದು ವಿಚಾರಿಸಬೇಕಾಗುವುದಿಲ್ಲ.

• ಬಳಕೆದಾರರ ಅಂಚೆಪೆಟ್ಟಿಗೆಗೆ ಬರೆಯುವ ಎಲ್ಲ ತಂತ್ರಾಂಶಗಳೂ ಒಂದೇ ಬಗೆಯ ಬೀಗ ಪದ್ಧತಿಯನ್ನು ಅನುಸರಿಸಬೇಕು. ಕಾರ್ಯಾಚರಣಾ ವ್ಯವಸ್ಥೆಯ ಎಫ್‌ಕಂಟ್ರೋಲ್ ಬೀಗ ಮತ್ತು ಪ್ರತ್ಯೇಕ ಬೀಗದ ಕಡತ ಎರಡನ್ನೂ ಬಳಸಬೇಕೆಂಬುದು ನಿಯಮ. ಎರಡು ತಂತ್ರಾಂಶಗಳು ಏಕಕಾಲದಲ್ಲಿ ಒಂದೇ ಕಡತಕ್ಕೆ ಬರೆದು ಪತ್ರಗಳು ಕಲಸಿಹೋಗುವುದನ್ನು ಇದು ತಡೆಯುತ್ತದೆ.

• ಹೊರಹೋಗುವ ಪತ್ರಗಳಲ್ಲಿ ಕಾಣಬೇಕಾದ ಡೊಮೇನ್ ಹೆಸರನ್ನು 'ಮೇಲ್‌ನೇಮ್' ಎಂಬ ಒಂದೇ ಕಡತದಿಂದ ಓದಬೇಕು.

• ಎಂಟಿಎ ಪ್ಯಾಕೇಜು 'ಮೇಲ್-ಟ್ರಾನ್ಸ್‌ಪೋರ್ಟ್-ಏಜೆಂಟ್' ಎಂಬ ಕಾಲ್ಪನಿಕ ಪ್ಯಾಕೇಜನ್ನು ಒದಗಿಸುತ್ತಿರುವುದಾಗಿ ಘೋಷಿಸಬೇಕು. ಅದೇ ಹೆಸರಿನೊಂದಿಗೆ ಸಂಘರ್ಷವನ್ನೂ ಘೋಷಿಸಬೇಕು.

ಕೊನೆಯ ನಿಯಮದ ಪರಿಣಾಮವಾಗಿ ಒಂದು ಯಂತ್ರದಲ್ಲಿ ಒಂದು ಸಮಯಕ್ಕೆ ಒಂದೇ ಎಂಟಿಎ ಪ್ಯಾಕೇಜು ಇರಲು ಸಾಧ್ಯ. ಪೋಸ್ಟ್‌ಫಿಕ್ಸ್ ಸ್ಥಾಪಿಸಿದರೆ ಎಕ್ಸಿಮ್ ತಾನಾಗಿಯೇ ಹೊರಹೋಗುತ್ತದೆ. ಇಮೇಲ್ ಸೌಲಭ್ಯ ಬೇಕಾದ ಇತರ ಪ್ಯಾಕೇಜುಗಳು 'ಡೀಫಾಲ್ಟ್-ಎಂಟಿಎ' ಎಂಬ ಇನ್ನೊಂದು ಕಾಲ್ಪನಿಕ ಹೆಸರನ್ನು ಮೊದಲು ಸೂಚಿಸಿ, ಅದಕ್ಕೆ ಪರ್ಯಾಯವಾಗಿ ಬೇರೆ ಯಾವುದೇ ಎಂಟಿಎ ಆಗಬಹುದೆಂದು ಹೇಳುತ್ತವೆ. ಡೆಬಿಯನ್‌ನಲ್ಲಿ ಈ ಹೆಸರನ್ನು ಎಕ್ಸಿಮ್‌ನ ಹಗುರ ಆವೃತ್ತಿ ಒದಗಿಸುತ್ತದೆ; ಡೆಬಿಯನ್‌ನಿಂದ ರೂಪುಗೊಂಡ ಉಬುಂಟುವಿನಲ್ಲಿ ಪೋಸ್ಟ್‌ಫಿಕ್ಸ್ ಒದಗಿಸುತ್ತದೆ. ಪತ್ರವನ್ನು ಬೇರೊಂದು ಸರ್ವರ್‌ಗೆ ದಾಟಿಸುವುದಷ್ಟೇ ಸಾಕಾದವರಿಗೆ ನಲ್‌ಮೇಲರ್, ಡಿಎಂಎಯಂತಹ ಚಿಕ್ಕ ತಂತ್ರಾಂಶಗಳೂ ಇವೆ.

ಎಕ್ಸಿಮ್ ಪ್ಯಾಕೇಜುಗಳು

ಎಕ್ಸಿಮ್‌ನ ಒಂದೇ ಮೂಲ ಪ್ಯಾಕೇಜಿನಿಂದ ಹಲವು ಬೈನರಿ ಪ್ಯಾಕೇಜುಗಳು ಹುಟ್ಟುತ್ತವೆ. ಸಾಮಾನ್ಯ ಕಡತಗಳಿಗೆ ಒಂದು, ಸಂರಚನೆಗೆ ಒಂದು, ಮುಖ್ಯ ಸೇವೆಗೆ 'ಲೈಟ್' ಮತ್ತು 'ಹೆವಿ' ಎಂಬ ಎರಡು ಪರ್ಯಾಯಗಳು. ಎಕ್ಸಿಮ್‌ನಲ್ಲಿ ಯಾವ ಸೌಲಭ್ಯಗಳು ಇರಬೇಕೆಂಬುದು ಕಂಪೈಲ್ ಮಾಡುವಾಗಲೇ ನಿರ್ಧಾರವಾಗುತ್ತದೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಎಲ್‌ಡ್ಯಾಪ್ ಮುಂತಾದವುಗಳ ಬೆಂಬಲವನ್ನು ಸೇರಿಸಿದರೆ ಅವುಗಳ ಲೈಬ್ರರಿಗಳೂ ಜೊತೆಗೆ ಬರಬೇಕು. ಕೇವಲ ಕ್ರಾನ್ ವರದಿ ತಲುಪಿಸುವ ಯಂತ್ರಕ್ಕೆ ಇಷ್ಟು ಭಾರ ಅನಗತ್ಯ. ಮೇಲಾಗಿ, ಪ್ರತಿಯೊಂದು ಹೆಚ್ಚುವರಿ ಲೈಬ್ರರಿಯೂ ಭದ್ರತಾ ಲೋಪಗಳ ಇನ್ನೊಂದು ಸಂಭವನೀಯ ಮೂಲ. ಆದ್ದರಿಂದ ದತ್ತಸಂಚಯಗಳ ಬೆಂಬಲ, ಪರ್ಲ್ ಭಾಷೆಯ ಅಂತರ್ಗತ ಬಳಕೆ, ವೈರಸ್ ಮತ್ತು ಸ್ಪ್ಯಾಮ್ ಪರೀಕ್ಷೆಯಂತಹ ಸೌಲಭ್ಯಗಳು 'ಹೆವಿ' ಆವೃತ್ತಿಯಲ್ಲಿ ಮಾತ್ರ ಇವೆ. ಎರಡೂ ಹೊಂದದವರು ತಮಗೆ ಬೇಕಾದ ಸೌಲಭ್ಯಗಳನ್ನು ಆರಿಸಿ 'ಕಸ್ಟಮ್' ಆವೃತ್ತಿಯನ್ನು ಮೂಲ ಪ್ಯಾಕೇಜಿನಿಂದ ತಾವೇ ಸಿದ್ಧಪಡಿಸಿಕೊಳ್ಳಬಹುದು.

ಸಂರಚನೆಯಲ್ಲಿ ಡೆಬಿಯನ್ ಮೂಲ ಯೋಜನೆಯಿಂದ ಗಮನಾರ್ಹವಾಗಿ ದೂರ ಸರಿದಿದೆ. ಮೂಲ ಎಕ್ಸಿಮ್‌ಗೆ ಇರುವುದು ಒಂದು ಸಂರಚನಾ ಕಡತ. ಡೆಬಿಯನ್‌ನಲ್ಲಿ ಸ್ಥಾಪನೆಯ ಸಮಯಕ್ಕೆ ಡೆಬ್‌ಕಾನ್ಫ್ ಎಂಬ ವ್ಯವಸ್ಥೆ ಕೆಲವು ಪ್ರಶ್ನೆಗಳನ್ನು ಕೇಳುತ್ತದೆ. ಈ ಯಂತ್ರ ಅಂತರಜಾಲದೊಂದಿಗೆ ನೇರವಾಗಿ ಪತ್ರ ವಿನಿಮಯ ಮಾಡಬೇಕೇ, ಎಲ್ಲ ಪತ್ರಗಳನ್ನೂ ಬೇರೊಂದು ಸರ್ವರ್ ಮೂಲಕ ಕಳುಹಿಸಬೇಕೇ ಅಥವಾ ಯಂತ್ರದೊಳಗಿನ ಪತ್ರಗಳನ್ನಷ್ಟೇ ತಲುಪಿಸಬೇಕೇ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಉತ್ತರಗಳು ಒಂದು ಚಿಕ್ಕ ಕಡತದಲ್ಲಿ ಸೇರುತ್ತವೆ. ಅವನ್ನು ಮಾದರಿ ಕಡತದೊಂದಿಗೆ ಕೂಡಿಸಿ, ಸರ್ವರ್ ನಿಜವಾಗಿ ಓದುವ ಅಂತಿಮ ಸಂರಚನೆಯನ್ನು ಇನ್ನೊಂದು ಕಾರ್ಯಕ್ರಮ ತಯಾರಿಸುತ್ತದೆ. ಮಾದರಿಯನ್ನು ಒಂದೇ ದೊಡ್ಡ ಕಡತವಾಗಿ ಅಥವಾ ಹಲವು ಸಣ್ಣ ಕಡತಗಳಾಗಿ ಇರಿಸಿಕೊಳ್ಳುವ ಆಯ್ಕೆಯೂ ಇದೆ.

ಪೂರ್ವನಿಯೋಜಿತ ಉತ್ತರ 'ಸ್ಥಳೀಯ ವಿತರಣೆ ಮಾತ್ರ'. ಆಗ ಸರ್ವರ್ ಯಂತ್ರದ ಒಳವಿಳಾಸಗಳಲ್ಲಷ್ಟೇ ಕಿವಿಗೊಡುತ್ತದೆ. ಹೊರಗಿನಿಂದ ಯಾರೂ ಅದನ್ನು ಸಂಪರ್ಕಿಸಲಾರರು. ಈ ಎಚ್ಚರಿಕೆಗೆ ಐತಿಹಾಸಿಕ ಕಾರಣವಿದೆ. ಅಂತರಜಾಲದ ಆರಂಭದ ವರ್ಷಗಳಲ್ಲಿ ಯಾರು ಕೊಟ್ಟ ಪತ್ರವನ್ನಾದರೂ ಯಾರಿಗಾದರೂ ದಾಟಿಸುವುದು ಸರ್ವರ್‌ಗಳ ಸಹಜ ಸೌಜನ್ಯವಾಗಿತ್ತು. ಸ್ಪ್ಯಾಮ್ ಕಳುಹಿಸುವವರು ಈ 'ಮುಕ್ತ ದಾಟಿಕೆ'ಯನ್ನು ದುರುಪಯೋಗಪಡಿಸಿಕೊಂಡ ಮೇಲೆ, 1998ರಲ್ಲಿ ಬಂದ ಸೆಂಡ್‌ಮೇಲ್ 8.9ನೇ ಆವೃತ್ತಿ ಅದನ್ನು ಪೂರ್ವನಿಯೋಜಿತವಾಗಿ ನಿಷೇಧಿಸಿತು. ಸ್ಥಾಪಿಸಿದವರಲ್ಲಿ ಅನೇಕರು ಸಂರಚನೆಯನ್ನು ಮುಟ್ಟುವುದೇ ಇಲ್ಲ. ಅವರ ಪರವಾಗಿ ಪ್ಯಾಕೇಜು ಮಾಡಿದ ಆಯ್ಕೆಯೇ ಅಂತಿಮವಾಗುತ್ತದೆ.

ಈ ಸಂರಚನಾ ಪದ್ಧತಿಗೆ ಅನನುಕೂಲವೂ ಇದೆ. ಎಕ್ಸಿಮ್‌ನ ಅಧಿಕೃತ ಕೈಪಿಡಿಯನ್ನು ಓದಿ ಬಂದವರಿಗೆ ಅದರಲ್ಲಿ ಹೇಳಿದ ಕಡತ ಡೆಬಿಯನ್‌ನಲ್ಲಿ ಕಾಣಿಸುವುದಿಲ್ಲ. ತಯಾರಾದ ಅಂತಿಮ ಕಡತವನ್ನು ನೇರವಾಗಿ ತಿದ್ದಿದರೆ ಮುಂದಿನ ಬಾರಿ ಅದು ಮತ್ತೆ ರಚನೆಯಾಗುವಾಗ ತಿದ್ದುಪಡಿ ಅಳಿಸಿಹೋಗುತ್ತದೆ. ಆದ್ದರಿಂದ ಬದಲಾವಣೆಗಳನ್ನು ಮಾದರಿ ಕಡತಗಳಲ್ಲಿಯೇ ಮಾಡಬೇಕು. ಡೆಬಿಯನ್ ಪದ್ಧತಿ ಬೇಡವೆನ್ನುವವರು ತಮ್ಮದೇ ಪೂರ್ಣ ಸಂರಚನಾ ಕಡತವನ್ನು ಗೊತ್ತಾದ ಸ್ಥಳದಲ್ಲಿಟ್ಟರೆ ಪ್ಯಾಕೇಜು ಅದನ್ನೇ ಬಳಸುತ್ತದೆ.

ಪೋಸ್ಟ್‌ಫಿಕ್ಸ್ ಪ್ಯಾಕೇಜುಗಳು

ಪೋಸ್ಟ್‌ಫಿಕ್ಸ್‌ನಲ್ಲಿ ಇದೇ ಸಮಸ್ಯೆಗೆ ಬೇರೆ ಪರಿಹಾರ ದೊರೆಯಿತು. ದತ್ತಸಂಚಯಗಳ ಬೆಂಬಲವನ್ನು ಮುಖ್ಯ ತಂತ್ರಾಂಶದೊಳಗೆ ಸೇರಿಸುವ ಬದಲು, ಅಗತ್ಯ ಬಿದ್ದಾಗ ಜೋಡಿಸಿಕೊಳ್ಳಬಹುದಾದ ಬಿಡಿಭಾಗಗಳನ್ನಾಗಿ ಮಾಡುವ ತಿದ್ದುಪಡಿ ಡೆಬಿಯನ್‌ನಲ್ಲಿ ರೂಪುಗೊಂಡಿತು. ಇದರಿಂದ ಮೈಎಸ್‌ಕ್ಯೂಎಲ್, ಎಲ್‌ಡ್ಯಾಪ್ ಮೊದಲಾದವುಗಳಿಗೆ ಪ್ರತ್ಯೇಕ ಚಿಕ್ಕ ಪ್ಯಾಕೇಜುಗಳು ಸಾಧ್ಯವಾದವು. 2015ರಲ್ಲಿ ಬಿಡುಗಡೆಯಾದ ಪೋಸ್ಟ್‌ಫಿಕ್ಸ್ 3.0 ಈ ಸೌಲಭ್ಯವನ್ನು ಮೂಲ ತಂತ್ರಾಂಶದಲ್ಲಿಯೇ ಅಳವಡಿಸಿಕೊಂಡಿತು. ವಿತರಣೆಯಲ್ಲಿ ಹುಟ್ಟಿದ ತಿದ್ದುಪಡಿ ಮೂಲಕ್ಕೆ ಮರಳಿ ಎಲ್ಲರಿಗೂ ದೊರೆತದ್ದಕ್ಕೆ ಇದು ಉತ್ತಮ ನಿದರ್ಶನ.

ಪೋಸ್ಟ್‌ಫಿಕ್ಸ್ ಒಂದೇ ದೊಡ್ಡ ಕಾರ್ಯಕ್ರಮವಲ್ಲ. ಸೀಮಿತ ಅಧಿಕಾರವುಳ್ಳ ಹಲವು ಸಣ್ಣ ಕಾರ್ಯಕ್ರಮಗಳ ಸಮೂಹ. ಡೆಬಿಯನ್ ದೀರ್ಘಕಾಲ ಇವುಗಳಲ್ಲಿ ಹಲವನ್ನು ಪೂರ್ವನಿಯೋಜಿತವಾಗಿ 'ಸಿಎಚ್‌ರೂಟ್' ಎಂಬ ಆವರಣದೊಳಗೆ ನಡೆಸುತ್ತಿತ್ತು. ಅದರೊಳಗಿರುವ ಕಾರ್ಯಕ್ರಮಕ್ಕೆ ತನ್ನ ಕೋಶದ ಹೊರಗಿನ ಕಡತಗಳು ಕಾಣುವುದಿಲ್ಲ. ಒಂದು ಭಾಗ ದಾಳಿಗೆ ಸಿಕ್ಕರೂ ಹಾನಿ ಆವರಣದೊಳಗೆ ಉಳಿಯಲಿ ಎಂಬುದು ಇದರ ಆಶಯ. ಆದರೆ ಡೊಮೇನ್ ಹೆಸರುಗಳನ್ನು ಹುಡುಕಲು ಬೇಕಾದ ವ್ಯವಸ್ಥೆಯ ಕಡತಗಳ ಪ್ರತಿಯನ್ನು ಆವರಣದೊಳಗೂ ಇಡಬೇಕಾಗುತ್ತದೆ. ಸೇವೆ ಆರಂಭವಾಗುವಾಗ ಪ್ಯಾಕೇಜು ಈ ನಕಲನ್ನು ಮಾಡಿಕೊಡುತ್ತಿತ್ತು. ನಂತರ ಹೊರಗಿನ ಕಡತ ಬದಲಾದರೆ ಒಳಗಿನ ಪ್ರತಿ ಹಳೆಯದಾಗಿಯೇ ಉಳಿದು, ಯಂತ್ರದ ಇತರ ಎಲ್ಲ ತಂತ್ರಾಂಶಗಳಿಗೂ ಜಾಲ ಸರಿಯಾಗಿದ್ದಾಗ ಮೇಲ್ ಸರ್ವರ್‌ಗೆ ಮಾತ್ರ ವಿಳಾಸಗಳು ಸಿಗದ ಪ್ರಸಂಗಗಳು ಉಂಟಾಗುತ್ತಿದ್ದವು.

ಪರವಾನಗಿ ಮತ್ತು ಕ್ಯೂಮೇಲ್

ಪ್ಯಾಕೇಜಿಂಗ್ ತಾಂತ್ರಿಕ ಕಾರ್ಯವಾಗಿರುವಷ್ಟೇ ಕಾನೂನಿನ ಕಾರ್ಯವೂ ಹೌದು. ಎಕ್ಸಿಮ್ ಗ್ನೂ ಸಾರ್ವಜನಿಕ ಪರವಾನಗಿಯಡಿಯಲ್ಲಿಯೂ ಪೋಸ್ಟ್‌ಫಿಕ್ಸ್ ಐಬಿಎಂ ಸಾರ್ವಜನಿಕ ಪರವಾನಗಿಯಡಿಯಲ್ಲಿಯೂ ಬಂದವು. ಬದಲಿಸಿ ಹಂಚುವ ಸ್ವಾತಂತ್ರ್ಯವನ್ನು ಎರಡೂ ನೀಡುತ್ತವೆ. ಕ್ಯೂಮೇಲ್‌ನ ಸ್ಥಿತಿ ಹೀಗಿರಲಿಲ್ಲ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಪಡೆಯಬಹುದಿತ್ತು. ಆದರೆ ಬದಲಿಸಿದ ಆವೃತ್ತಿಯನ್ನು ಲೇಖಕರ ಅನುಮತಿಯಿಲ್ಲದೆ ಹಂಚುವಂತಿರಲಿಲ್ಲ. ಕ್ಯೂಮೇಲ್ ಎಲ್ಲ ಯಂತ್ರಗಳಲ್ಲಿಯೂ ಒಂದೇ ಸ್ಥಳದಲ್ಲಿ, ಒಂದೇ ರೀತಿಯಲ್ಲಿ ಇರಬೇಕೆಂಬುದು ಬರ್ನ್‌ಸ್ಟೈನ್ ಅವರ ನಿಲುವಾಗಿತ್ತು. ಕಡತಗಳನ್ನು ಎಲ್ಲಿ ಇಡಬೇಕೆಂಬ ಬಗ್ಗೆ ಲಿನಕ್ಸ್ ವಿತರಣೆಗಳಿಗೆ ತಮ್ಮದೇ ಮಾನದಂಡವಿದ್ದು, ಎರಡೂ ಹೊಂದುತ್ತಿರಲಿಲ್ಲ.

ಈ ಕಾರಣದಿಂದ ಡೆಬಿಯನ್ ಕ್ಯೂಮೇಲ್‌ನ ಬೈನರಿಯನ್ನು ಹಂಚದೆ, ಮೂಲ ಸಂಕೇತವನ್ನಷ್ಟೇ ಹೊಂದಿದ ಪ್ಯಾಕೇಜನ್ನು ತನ್ನ 'ನಾನ್-ಫ್ರೀ' ವಿಭಾಗದಲ್ಲಿ ಇರಿಸಿತು. ಬಳಕೆದಾರನು ಅದನ್ನು ತನ್ನ ಯಂತ್ರದಲ್ಲಿಯೇ ಕಂಪೈಲ್ ಮಾಡಿ ಪ್ಯಾಕೇಜನ್ನಾಗಿ ಮಾಡಿಕೊಳ್ಳಬೇಕಾಗಿತ್ತು. ಇನ್ನೊಂದು ತೊಡಕೂ ಇತ್ತು. ಕ್ಯೂಮೇಲ್ ಬಳಸುವ ಖಾತೆಗಳ ಸಂಖ್ಯೆಗಳು ಕಂಪೈಲ್ ಮಾಡುವಾಗಲೇ ತಂತ್ರಾಂಶದೊಳಗೆ ಅಚ್ಚಾಗುತ್ತಿದ್ದವು. ಎಲ್ಲ ಯಂತ್ರಗಳಲ್ಲಿಯೂ ಒಂದೇ ಸಂಖ್ಯೆ ಬೇಕಾದ ಇಂತಹ ತಂತ್ರಾಂಶಗಳಿಗಾಗಿ ಡೆಬಿಯನ್ ನೀತಿ 60000ದಿಂದ 64999ರವರೆಗಿನ ಸಂಖ್ಯೆಗಳನ್ನು ಕಾಯ್ದಿರಿಸಿದೆ. ಕ್ಯೂಮೇಲ್ ಖಾತೆಗಳಿಗೆ ಸಂಖ್ಯೆಗಳು ದೊರೆತದ್ದು ಅಲ್ಲಿಂದಲೇ.

1998ರ ಜೂನ್‌ನಲ್ಲಿ ಬಂದ 1.03ನೇ ಆವೃತ್ತಿಯ ನಂತರ ಬರ್ನ್‌ಸ್ಟೈನ್ ಹೊಸ ಆವೃತ್ತಿ ಹೊರತರಲಿಲ್ಲ. ಕಾಲಕ್ಕೆ ತಕ್ಕ ಬದಲಾವಣೆಗಳನ್ನು ಬಳಕೆದಾರರು ಬಿಡಿ ತಿದ್ದುಪಡಿಗಳ ರೂಪದಲ್ಲಿ ಹಂಚಿಕೊಳ್ಳಬೇಕಾಯಿತು. 2007ರಲ್ಲಿ ಅವರು ಕ್ಯೂಮೇಲ್ ಅನ್ನು ಸಾರ್ವಜನಿಕ ಸ್ವತ್ತು ಎಂದು ಘೋಷಿಸಿದಾಗ ಪರವಾನಗಿಯ ಅಡ್ಡಿ ನಿವಾರಣೆಯಾಯಿತು. ಆದರೂ ಡೆಬಿಯನ್‌ನ ಮುಖ್ಯ ಸಂಗ್ರಹಕ್ಕೆ ಅದರ ಪ್ರವೇಶ ಸುಲಭವಾಗಲಿಲ್ಲ; ವಿವಾದ ಯೋಜನೆಯ ತಾಂತ್ರಿಕ ಸಮಿತಿಯವರೆಗೆ ಹೋಯಿತು. ಕ್ಯೂಮೇಲ್ ಪತ್ರವನ್ನು ಮೊದಲು ಸ್ವೀಕರಿಸಿ, ವಿಳಾಸದಾರರು ಇಲ್ಲವೆಂದು ನಂತರ ತಿಳಿದಾಗ ಹಿಂದಿರುಗಿಸುತ್ತದೆ ಎಂಬುದು ಮುಖ್ಯ ಆಕ್ಷೇಪಗಳಲ್ಲಿ ಒಂದು. ಸ್ಪ್ಯಾಮ್‌ನಲ್ಲಿ ಕಳುಹಿಸಿದವರ ವಿಳಾಸ ಸುಳ್ಳಾಗಿರುವುದರಿಂದ ಹಿಂದಿರುಗಿದ ಪತ್ರ ಸಂಬಂಧವೇ ಇಲ್ಲದವರ ಪೆಟ್ಟಿಗೆಗೆ ಬೀಳುತ್ತದೆ. 1990ರ ದಶಕದಲ್ಲಿ ನಿರುಪದ್ರವಿಯಾಗಿದ್ದ ನಡವಳಿಕೆ ಮುಂದಿನ ದಶಕದಲ್ಲಿ ದೋಷವಾಗಿ ಪರಿಣಮಿಸಿತ್ತು. ಸಮುದಾಯದ ತಿದ್ದುಪಡಿಗಳನ್ನು ಒಳಗೊಂಡ ನೆಟ್‌ಕ್ಯೂಮೇಲ್ ಆಧಾರಿತ ಪ್ಯಾಕೇಜು ನಂತರ ಡೆಬಿಯನ್‌ಗೆ ಸೇರಿತು.

ನವೀಕರಣ ಮತ್ತು ಪತ್ರಗಳ ಸರದಿ

ಎಸ್‌ಎಂಟಿಪಿಯಲ್ಲಿ ಸರ್ವರ್ ಪತ್ರವನ್ನು ಸ್ವೀಕರಿಸಿದೆನೆಂದು ಉತ್ತರಿಸಿದ ಕ್ಷಣದಿಂದ ಅದನ್ನು ತಲುಪಿಸುವ ಅಥವಾ ತಲುಪಿಸಲಾಗಲಿಲ್ಲವೆಂದು ತಿಳಿಸುವ ಹೊಣೆ ಅದರದ್ದೇ. ಪ್ಯಾಕೇಜು ನವೀಕರಣಗೊಳ್ಳುವಾಗ ಸರದಿಯಲ್ಲಿ ನೂರಾರು ಪತ್ರಗಳು ಕಾದಿರಬಹುದು. ಆದ್ದರಿಂದ ನವೀಕರಣ ಸರದಿಯನ್ನು ಮುಟ್ಟುವಂತಿಲ್ಲ. ಹಳೆಯ ಆವೃತ್ತಿ ಬರೆದಿಟ್ಟ ಪತ್ರಗಳನ್ನು ಹೊಸದು ಓದಬಲ್ಲದಾಗಿರಬೇಕು. ಡೆಬಿಯನ್‌ನಲ್ಲಿ ಪ್ಯಾಕೇಜನ್ನು ತೆಗೆಯುವುದು ಮತ್ತು ಅದರ ಎಲ್ಲ ಕುರುಹುಗಳನ್ನೂ ಅಳಿಸುವುದು ಬೇರೆಬೇರೆ ಕ್ರಿಯೆಗಳು. ಎಕ್ಸಿಮ್ ವಿಷಯದಲ್ಲಿ ಎರಡನೆಯದನ್ನು ಆರಿಸಿದಾಗಲೂ, ತಲುಪದೆ ಉಳಿದ ಪತ್ರಗಳನ್ನು ಅಳಿಸಬೇಕೇ ಎಂದು ಡೆಬ್‌ಕಾನ್ಫ್ ಪ್ರತ್ಯೇಕವಾಗಿ ಕೇಳುತ್ತದೆ.

ಸಂರಚನಾ ಕಡತಗಳಿಗೂ ಇಂತಹ ರಕ್ಷಣೆಯಿದೆ. ಪ್ಯಾಕೇಜು ನಿರ್ವಹಿಸುವ ಡಿಪಿಕೆಜಿ ತಂತ್ರಾಂಶವು ಹಿಂದಿನ ಪ್ಯಾಕೇಜಿನ ಕಡತ, ಈಗ ಯಂತ್ರದಲ್ಲಿರುವ ಕಡತ ಮತ್ತು ಹೊಸ ಪ್ಯಾಕೇಜಿನ ಕಡತ ಇವುಗಳನ್ನು ಹೋಲಿಸುತ್ತದೆ. ವ್ಯವಸ್ಥಾಪಕ ಮತ್ತು ಪ್ಯಾಕೇಜು ಇಬ್ಬರೂ ಬದಲಿಸಿದ್ದರೆ ಮಾತ್ರ ಯಾವುದನ್ನು ಉಳಿಸಬೇಕೆಂದು ಪ್ರಶ್ನಿಸುತ್ತದೆ. ಆರಿಸದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಕಾಪಾಡುತ್ತದೆ.

ಆದರೂ ಮೂಲ ತಂತ್ರಾಂಶವೇ ತನ್ನ ನಡವಳಿಕೆಯನ್ನು ಬದಲಿಸಿದಾಗ ಸಮಸ್ಯೆ ಕಠಿಣವಾಗುತ್ತದೆ. 2020ರಲ್ಲಿ ಬಂದ ಎಕ್ಸಿಮ್ 4.94, ಹೊರಗಿನಿಂದ ಬಂದ ಮಾಹಿತಿಯನ್ನು ಪರಿಶೀಲಿಸದೆ ಕಡತದ ಹೆಸರುಗಳಲ್ಲಿ ಬಳಸುವುದನ್ನು ನಿಷೇಧಿಸಿತು. ಭದ್ರತೆಯ ದೃಷ್ಟಿಯಿಂದ ಇದು ಒಳ್ಳೆಯ ನಿರ್ಧಾರ. ಆದರೆ ಪ್ರತಿ ಬಳಕೆದಾರನ ಪತ್ರವನ್ನು ಅವನ ಹೆಸರಿನ ಕಡತಕ್ಕೆ ಸೇರಿಸುವ ಎಷ್ಟೋ ಹಳೆಯ ಸಂರಚನೆಗಳು ಇದರಿಂದ ಕೆಲಸ ಮಾಡುವಂತಿರಲಿಲ್ಲ. 2021ರ ಡೆಬಿಯನ್ 11ರ ಬಿಡುಗಡೆ ಟಿಪ್ಪಣಿ ಈ ಬಗ್ಗೆ ಎಚ್ಚರಿಸಿತು. ದೋಷವನ್ನು ತಾತ್ಕಾಲಿಕವಾಗಿ ಎಚ್ಚರಿಕೆಯ ಮಟ್ಟಕ್ಕೆ ಇಳಿಸುವ ಆಯ್ಕೆಯೊಂದನ್ನು ಪ್ಯಾಕೇಜಿನಲ್ಲಿ ಒದಗಿಸಿ, ಸಂರಚನೆಯನ್ನು ತಿದ್ದಿಕೊಳ್ಳಲು ಕಾಲಾವಕಾಶ ನೀಡಲಾಯಿತು.

ಭದ್ರತಾ ತಿದ್ದುಪಡಿಗಳು

ಡೆಬಿಯನ್‌ನ ಸ್ಥಿರ ಆವೃತ್ತಿಯಲ್ಲಿ ತಂತ್ರಾಂಶಗಳ ಆವೃತ್ತಿಗಳನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ. ಲೋಪ ಕಂಡುಬಂದರೆ ಅದಕ್ಕೆ ಸಂಬಂಧಿಸಿದ ತಿದ್ದುಪಡಿಯನ್ನಷ್ಟೇ ಹಳೆಯ ಆವೃತ್ತಿಗೆ ಹಿಂದಕ್ಕೆ ತಂದು ಅಳವಡಿಸುತ್ತಾರೆ. ಹೊಸ ಆವೃತ್ತಿಯೊಂದಿಗೆ ಬರುವ ಇತರ ಬದಲಾವಣೆಗಳು ನಡೆಯುತ್ತಿರುವ ಸರ್ವರ್‌ಗಳನ್ನು ಕೆಡಿಸದಿರಲಿ ಎಂಬುದು ಇದರ ಉದ್ದೇಶ.

2019ರ ಜೂನ್‌ನಲ್ಲಿ ಕ್ವಾಲಿಸ್ ಸಂಸ್ಥೆ ಪ್ರಕಟಿಸಿದ ಸಿವಿಇ-2019-10149 ಲೋಪ ಇದಕ್ಕೆ ಉದಾಹರಣೆ. ಎಕ್ಸಿಮ್ 4.87ರಿಂದ 4.91ರವರೆಗಿನ ಆವೃತ್ತಿಗಳಿಗೆ ವಿಶೇಷವಾಗಿ ರಚಿಸಿದ ವಿಳಾಸವೊಂದನ್ನು ಕಳುಹಿಸಿ, ಯಂತ್ರದಲ್ಲಿ ಸರ್ವಾಧಿಕಾರದೊಂದಿಗೆ ಆದೇಶಗಳನ್ನು ನಡೆಸಬಹುದಾಗಿತ್ತು. ಆಗ ಸ್ಥಿರ ಆವೃತ್ತಿಯಾಗಿದ್ದ ಡೆಬಿಯನ್ 9ರಲ್ಲಿ ಇದ್ದದ್ದು 4.89. ಮೂಲ ಯೋಜನೆಯ 4.92ರಲ್ಲಿ ಈ ಲೋಪ ಇರಲಿಲ್ಲ. ಡೆಬಿಯನ್ 4.92ಕ್ಕೆ ಹೋಗದೆ, 4.89ಕ್ಕೇ ತಿದ್ದುಪಡಿ ಮಾಡಿ '4.89-2+ಡೆಬ್9ಯು4' ಎಂಬ ಪ್ಯಾಕೇಜನ್ನು ಬಿಡುಗಡೆ ಮಾಡಿತು. ಇದರಲ್ಲಿ 4.89 ಮೂಲ ಆವೃತ್ತಿ, 2 ಡೆಬಿಯನ್ ಪರಿಷ್ಕರಣೆ, ಉಳಿದದ್ದು ಡೆಬಿಯನ್ 9ಕ್ಕಾಗಿ ಮಾಡಿದ ನಾಲ್ಕನೆಯ ನವೀಕರಣ ಎಂಬ ಸೂಚನೆ. ಹೀಗಾಗಿ ಸರ್ವರ್ ತನ್ನನ್ನು 4.89 ಎಂದು ಪರಿಚಯಿಸಿಕೊಂಡ ಮಾತ್ರಕ್ಕೆ ಅದು ಅಸುರಕ್ಷಿತವೆಂದು ನಿರ್ಣಯಿಸಲಾಗದು; ಪ್ಯಾಕೇಜಿನ ಪೂರ್ಣ ಆವೃತ್ತಿ ಸಂಖ್ಯೆಯನ್ನು ನೋಡಬೇಕು.

ಇತರ ವಿತರಣೆಗಳು

ರೆಡ್ ಹ್ಯಾಟ್ ಕುಟುಂಬದ ವಿತರಣೆಗಳಲ್ಲಿ ಒಂದಕ್ಕಿಂತ ಹೆಚ್ಚು ಎಂಟಿಎಗಳನ್ನು ಸ್ಥಾಪಿಸಿಕೊಂಡು, 'ಸೆಂಡ್‌ಮೇಲ್' ಎಂಬ ಆದೇಶ ಯಾವುದನ್ನು ಸೂಚಿಸಬೇಕೆಂದು 'ಆಲ್ಟರ್ನೇಟಿವ್ಸ್' ವ್ಯವಸ್ಥೆಯ ಮೂಲಕ ಆರಿಸಬಹುದು. 2010ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6ರಲ್ಲಿ ಪೂರ್ವನಿಯೋಜಿತ ಎಂಟಿಎ ಸ್ಥಾನ ಸೆಂಡ್‌ಮೇಲ್‌ನಿಂದ ಪೋಸ್ಟ್‌ಫಿಕ್ಸ್‌ಗೆ ಹೋಯಿತು. 2013ರ ಫೆಡೋರಾ 20 ಪೂರ್ವನಿಯೋಜಿತ ಸ್ಥಾಪನೆಯಿಂದ ಎಂಟಿಎಯನ್ನೇ ಕೈಬಿಟ್ಟಿತು.

ಭಾರತೀಯ ಲಿಪಿಗಳ ವಿಳಾಸಗಳು

ಇಂಗ್ಲಿಷೇತರ ಲಿಪಿಗಳ ಇಮೇಲ್ ವಿಳಾಸಗಳನ್ನು ಸಾಗಿಸಲು 2012ರ ಆರ್‌ಎಫ್‌ಸಿ 6531 ಎಸ್‌ಎಂಟಿಪಿಗೆ ವಿಸ್ತರಣೆಯೊಂದನ್ನು ರೂಪಿಸಿತು. ಕನ್ನಡ ಲಿಪಿಯ '.ಭಾರತ' ಡೊಮೇನ್‌ನಲ್ಲಿ ಪೂರ್ಣವಾಗಿ ಕನ್ನಡದಲ್ಲಿಯೇ ಇರುವ ವಿಳಾಸವೊಂದು ಕೆಲಸ ಮಾಡಬೇಕಾದರೆ, ದಾರಿಯಲ್ಲಿ ಪತ್ರವನ್ನು ಕೈಗೆತ್ತಿಕೊಳ್ಳುವ ಪ್ರತಿಯೊಂದು ಸರ್ವರ್‌ಗೂ ಈ ಬೆಂಬಲ ಇರಬೇಕು. ಪೋಸ್ಟ್‌ಫಿಕ್ಸ್ 3.0ರಿಂದ ಇದನ್ನು ಬೆಂಬಲಿಸುತ್ತದೆ. ಆದರೆ ಅದನ್ನು ಐಸಿಯು ಎಂಬ ಯುನಿಕೋಡ್ ಲೈಬ್ರರಿಯೊಂದಿಗೆ ಕಂಪೈಲ್ ಮಾಡಿರಬೇಕು. ಡೆಬಿಯನ್‌ನ ಪ್ಯಾಕೇಜನ್ನು ಈ ಲೈಬ್ರರಿಯೊಂದಿಗೇ ಸಿದ್ಧಪಡಿಸಲಾಗಿದೆ. ಈ ಲೈಬ್ರರಿಯಿಲ್ಲದೆ ಕಂಪೈಲ್ ಮಾಡಿದ ಪೋಸ್ಟ್‌ಫಿಕ್ಸ್‌ನಲ್ಲಿ ಸಂರಚನೆಯನ್ನು ಎಷ್ಟೇ ಬದಲಿಸಿದರೂ ಈ ಸೌಲಭ್ಯವನ್ನು ಪಡೆಯಲಾಗದು.